ನಿಧಾನಗತಿಯ ದೀರ್ಘ ಪಯಣ



ರಾಕ್ ಸಂಗೀತವೆಂದರೆ ಬರೀ ವೇಗವೆಂದು ನೀವು ಭಾವಿಸಿರಬಹುದು. ಗಿಟಾರಿನ ಶ್ರುತಿಯನ್ನು ತಗ್ಗಿಸಿ, ವಿಳಂಬ ಗತಿಯಲ್ಲಿ ನುಡಿಸುವ ಪ್ರಕಾರವೂ ಉಂಟು. ಕೆಸರಿನಂತೆ ದಟ್ಟವಾಗಿ, ಮಂದವಾಗಿ ಸಾಗುವ ಅದಕ್ಕೆ ‘ಸ್ಲಡ್ಜ್ ಮೆಟಲ್’ ಎಂದು ಹೆಸರು. ಈ ಹಾದಿ ತೆರೆದವರಲ್ಲಿ ಅಮೆರಿಕದ ‘ಮೆಲ್ವಿನ್ಸ್’ ತಂಡ ಪ್ರಮುಖವಾದುದು.

ವಾಷಿಂಗ್ಟನ್ ರಾಜ್ಯದ ಮಾಂಟೆಸಾನೋ ಎಂಬ ಪುಟ್ಟ ಊರಿನಲ್ಲಿ 1983ರಲ್ಲಿ ಗಿಟಾರ್ ವಾದಕ ಬಜ್ ಆಸ್ಬೋರ್ನ್ ಗೆಳೆಯರೊಡನೆ ಈ ತಂಡ ಕಟ್ಟಿದರು. ಮರುವರ್ಷ ಡ್ರಮ್ ವಾದಕ ಡೇಲ್ ಕ್ರೋವರ್ ಜೊತೆಗೂಡಿದರು. ಇವರ ಅಭ್ಯಾಸವನ್ನು ಕುಳಿತು ಕೇಳುತ್ತಿದ್ದ ಹುಡುಗರಲ್ಲಿ ಕರ್ಟ್ ಕೋಬೇನ್ ಒಬ್ಬ. 1991ರಲ್ಲಿ ಅವನ ‘ನಿರ್ವಾಣ’ ತಂಡ ಜಗತ್ಪ್ರಸಿದ್ಧವಾಯಿತು. 1994ರಲ್ಲಿ, 27ನೆಯ ವಯಸ್ಸಿನಲ್ಲೇ, ಅವನು ತೀರಿಕೊಂಡ.

ಆ ಅಲೆಯಲ್ಲಿ ಮೆಲ್ವಿನ್ಸ್‌ಗೂ ಅಟ್ಲಾಂಟಿಕ್ ಎಂಬ ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಕರೆ ಬಂದಿತ್ತು. 1993ರ ‘ಹೂಡಿನಿ’ ಸೇರಿ ಮೂರು ಆಲ್ಬಂಗಳ ನಂತರ ಆ ಸಂಬಂಧ ಮುಗಿಯಿತು. ತಂಡ ಮಾತ್ರ ನಿಲ್ಲಲಿಲ್ಲ. ಸಣ್ಣ ಸಂಸ್ಥೆಗಳ ಮೂಲಕ ಆಲ್ಬಂಗಳನ್ನು ಹೊರತರುತ್ತಲೇ ಬಂದಿತು. ಬಾಸ್ ವಾದಕರು ಹಲವರು ಬಂದು ಹೋದರು. 2012ರಲ್ಲಿ ಮೂವರೇ ಸೇರಿ 51 ದಿನಗಳಲ್ಲಿ 51 ಕಾರ್ಯಕ್ರಮ ನೀಡಿ, ಅಮೆರಿಕದ 50 ರಾಜ್ಯಗಳನ್ನೂ ರಾಜಧಾನಿಯನ್ನೂ ಮುಟ್ಟಿದರು.

ನಿಮ್ಮ ಪಕ್ಕದಲ್ಲಿ ಕುಳಿತವನು ನಾಳೆ ನಿಮಗಿಂತ ಬಲು ಮುಂದೆ ಹೋಗಬಹುದು. ಆಗ ನಿಮ್ಮ ಕೆಲಸ ಕಿರಿದಾಯಿತೆಂದು ಕೈಚೆಲ್ಲುವಿರಾ? ತಮ್ಮ ಶ್ರೋತೃವೇ ತಮ್ಮನ್ನು ಮೀರಿ ಬೆಳೆದ ಮೇಲೂ ಮೆಲ್ವಿನ್ಸ್ ತಮ್ಮ ಗತಿಯನ್ನು ಬದಲಿಸಲಿಲ್ಲ. ಕೀರ್ತಿ ಯಾರಿಗೆ ಒಲಿಯುವುದೋ ಹೇಳಲಾಗದು. ನಾಳೆಯೂ ಅಭ್ಯಾಸಕ್ಕೆ ಕೂರುವುದಂತೂ ನಿಮ್ಮ ಕೈಯಲ್ಲಿದೆ.