ಹುಲ್ಲು ಕೊಯ್ಯುವ ಮಷಿನ್: ಕೊಳ್ಳುವ ಮುಂಚೆ ಎರಡು ಮಾತು

(ಸಂಘದ ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಕಬ್ಬಿನ ದರ ಈ ದೊಡ್ಡ ವಿಷಯಗಳನ್ನು ಹಿರಿಯರು ಹೇಳಿದ್ದಾರೆ. ನಾನು ಸಣ್ಣ ವಿಷಯ ತಗೊಂಡು ಬಂದೇನಿ. ಅದು ಹುಲ್ಲು ಕೊಯ್ಯುವ ಮಷಿನ್. ಅಂಗಡಿಯವರು ಬ್ರಷ್ ಕಟರ್ ಅಂತಾರ.

ನಾವು ಮೂಡಲಗಿ ದನದ ಪ್ಯಾಟಿಗೆ ಎತ್ತು ತರಾಕ ಹೋದ್ರ ಏನು ಮಾಡ್ತೀವಿ? ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಗೊತ್ತಿದ್ದವರನ್ನು ಜೋಡಿ ಕರಕೊಂಡು ಹೋಗ್ತೀವಿ. ಅದೇ ಮಷಿನ್ ತರಾಕ ಹೋದಾಗ ಬಣ್ಣ ನೋಡ್ತೀವಿ, ರೇಟು ಕೇಳ್ತೀವಿ, ಮೋಟರ್ ಸೈಕಲ್ ಮೇಲೆ ಕಟ್ಟಿಕೊಂಡು ಬರ್ತೀವಿ. ನಾನೂ ಹಂಗೇ ಮಾಡಿದವನು. 52 ಸಿ.ಸಿ. ಅಂದ್ರು, ರೇಟೂ ಕಡಿಮೆ ಇತ್ತು, ತಂದೆ. ಎರಡನೇ ತಿಂಗಳಿಗೆ ಎಳೆದು ಚಾಲೂ ಮಾಡುವ ಸ್ಪ್ರಿಂಗ್ ಮುರಿಯಿತು. ಸಾಮಾನು ಬರಬೇಕು, ಮುಂದಿನ ವಾರ ಬರ್ರಿ ಅಂದ್ರು. ವಾರ ಹೋಗಿ ಮಳೆಗಾಲವೇ ಹೋಯಿತು. ಆ ಮಷಿನ್ ಇವತ್ತಿಗೂ ನಮ್ಮ ದನದ ಕೊಟ್ಟಿಗೆಯ ಗೂಟಕ್ಕೆ ಜೋತು ಬಿದ್ದೈತಿ.

ಆದ್ದರಿಂದ ಮೊದಲ ಮಾತು: ಮಷಿನ್ ನೋಡುವ ಮುಂಚೆ ಮೇಸ್ತ್ರಿಯನ್ನು ನೋಡಿರಿ. ಗೋಕಾಕದಲ್ಲಾಗಲಿ, ಮೂಡಲಗಿಯಲ್ಲಾಗಲಿ, ಹುಕ್ಕೇರಿ, ಸಂಕೇಶ್ವರದಲ್ಲಾಗಲಿ ರಿಪೇರಿ ಮಾಡುವವರ ಹತ್ತಿರ ಹೋಗಿ, ಯಾವ ಮಷಿನ್ ನಿಮ್ಮ ಕಡೆ ಬಹಳ ಬರ್ತಾವ, ಯಾವುದರ ಸಾಮಾನು ನಿಮ್ಮಲ್ಲಿ ಸಿಗ್ತಾವ ಅಂತ ಕೇಳಿರಿ. ಪ್ಲಗ್ಗು, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ, ಕ್ಲಚ್ಚು, ದಾರದ ಬಟ್ಟಲು, ಈ ಐದು ಸಾಮಾನು ಕೈಗೆ ಸಿಗದ ಮಷಿನ್ ಪುಕ್ಕಟೆ ಕೊಟ್ಟರೂ ತುಟ್ಟಿಯೇ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ಇದ್ದರೆ ಪಡೆಯೋಣ. ಆದರೆ ಮೊದಲು ಮಷಿನ್ ಆರಿಸಿ, ಆಮೇಲೆ ಅದು ಪಟ್ಟಿಯಲ್ಲಿ ಐತೇನು ನೋಡೋಣ.

ಎರಡನೇ ಮಾತು ಇಂಜಿನ್ನಿನದು. ಟೂ ಸ್ಟ್ರೋಕ್ ಹಗುರ, ರೇಟೂ ಕಡಿಮೆ. ಆದರೆ ಪೆಟ್ರೋಲಿನಲ್ಲಿ ಆಯಿಲ್ ಕೂಡಿಸಲೇಬೇಕು. ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತ ಇದ್ದರೆ 40 ಮಿಲಿ. ಮರೆತು ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದು ಇಂಜಿನ್ನೇ ಹೋಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಹೊಗೆ ಕಡಿಮೆ, ಸಪ್ಪಳ ಕಡಿಮೆ, ತೂಕ ಸ್ವಲ್ಪ ಹೆಚ್ಚು. ನಾಲ್ಕು ಮಂದಿಯ ಕೈಯಲ್ಲಿ ತಿರುಗುವ ಮಷಿನ್ನಿಗೆ ಫೋರ್ ಸ್ಟ್ರೋಕ್ ಒಳ್ಳೆಯದು ಅಂತ ನನ್ನ ಅನುಭವ. ಒಡ್ಡಿನ ಹುಲ್ಲಿಗೆ, ಅಂಗಳದ ಕಸಕ್ಕೆ 35 ಸಿ.ಸಿ. ಸಾಕು. ಕೊಳ್ಳುವ ಮುಂಚೆ ಹೆಗಲಿಗೆ ಹಾಕಿಕೊಂಡು ಹತ್ತು ಮಿನಿಟು ನಡೆಸಿರಿ. ಕೈ ಜುಮ್ ಅಂದರೆ ಬ್ಯಾಡ. ಬಿಸಿ ಆದ ಮೇಲೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ನೋಡಿರಿ. ತಣ್ಣಗಿದ್ದಾಗ ಎಲ್ಲಾ ಮಷಿನ್ನೂ ಶಾಣೇ ಇರ್ತಾವ.

ಇನ್ನೊಂದು ಗಮನಿಸಿರಿ. ನಮ್ಮ ಕಬ್ಬಿನಿಂದಲೂ ಎಥೆನಾಲ್ ಆಗಿ ಈಗ ಪೆಟ್ರೋಲಿನೊಳಗೆ 20 ಪ್ರತಿಶತದವರೆಗೆ ಸೇರುತ್ತಿದೆ. ಅದು ನಮಗೆ ಒಳ್ಳೆಯದೇ. ಆದರೆ ಎಥೆನಾಲ್ ಗಾಳಿಯ ತೇವ ಎಳೆಯುತ್ತದೆ. ಟಾಕಿಯಲ್ಲಿ ಹಳೇ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಕಾರ್ಬೋರೇಟರ್ ಕಟ್ಟುತ್ತದೆ, ರಬ್ಬರ್ ಸಾಮಾನು ಕೆಡುತ್ತವೆ. ಈ ಪೆಟ್ರೋಲಿಗೆ ನಡೆಯುತ್ತದೆಯೇ ಅಂತ ಕೇಳಿಯೇ ಮಷಿನ್ ಕೊಳ್ಳಿರಿ. ಹಂಗಾಮು ಮುಗಿದ ಕೂಡಲೆ ಟಾಕಿ ಖಾಲಿ ಮಾಡಿ, ಉಳಿದದ್ದು ಸುಟ್ಟು ತಾನೇ ಬಂದ್ ಆಗುವ ತನಕ ಇಂಜಿನ್ ಓಡಿಸಿ ಇಡಿರಿ.

ಮೂರನೇ ಮಾತು, ದಾರವೋ ಬ್ಲೇಡೋ? ದಾರದ ಮಷಿನ್ ಹುಟ್ಟಿದ್ದು 1971ರಲ್ಲಿ, ಅಮೆರಿಕಾದ ಹ್ಯೂಸ್ಟನ್‌ನಲ್ಲಿ. ಜಾರ್ಜ್ ಬಲ್ಲಾಸ್ ಎಂಬವರು ಕಾರು ತೊಳೆಯುವ ಕಡೆ ಗರಗರ ತಿರುಗುವ ಬ್ರಷ್ ನೋಡಿ, ಒಂದು ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರ ಕಟ್ಟಿ ತಿರುಗಿಸಿದರು. ಹುಲ್ಲು ಹರಿಯಿತು. ಅಂದರೆ ದಾರ ಕೊಯ್ಯುವುದಿಲ್ಲ, ಬಡಿದು ಹರಿಯುತ್ತದೆ. ಕಲ್ಲು, ಗೋಡೆ, ಕಟ್ಟೆಯ ಮಗ್ಗಲು ದಾರವೇ ಸರಿ. ಬ್ಲೇಡು ಕಲ್ಲಿಗೆ ಬಡಿದರೆ ಮುರಿದು ಹಾರುತ್ತದೆ. ನಮ್ಮ ಹುಲ್ಲಿಗೆ 2.4ರಿಂದ 3 ಮಿ.ಮೀ. ದಪ್ಪದ ದಾರ ಬೇಕು. ಕಂಟಿ, ದಪ್ಪ ದಂಟು ಇದ್ದಲ್ಲಿ ಬ್ಲೇಡು. ಎಳೇ ಮಾವು, ಲಿಂಬಿ ಗಿಡದ ಬುಡಕ್ಕೆ ದಾರ ತಾಗಿದರೆ ಸಿಪ್ಪೆ ಸುಲಿದು ಗಿಡ ಒಣಗುತ್ತದೆ. ಅಲ್ಲಿ ಕುರುಪಿಯೇ ಇರಲಿ. ಕರಿಕೆ, ಜೇಕು ಇವುಗಳ ಬೇರು ನೆಲದೊಳಗೆ, ಮೇಲೆ ಕೊಯ್ದರೆ ಮತ್ತೆ ಚಿಗುರುತ್ತವೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆಯೇ ತೆಗೆಯಬೇಕು.

ಬಂಧುಗಳೇ, ಈಗ ಹೇಳುವ ಮಾತು ನನಗೆ ಸ್ವಲ್ಪ ಕಷ್ಟದ್ದು. ಎರಡು ವರ್ಷದ ಹಿಂದೆ ವಾರ್ಷಿಕ ಸಭೆಯ ಮುಂಚೆ ನಮ್ಮ ಸಂಘದ ಗೋದಾಮಿನ ಅಂಗಳದ ಹುಲ್ಲು ತೆಗೆಯಲು ನಾನೇ ಬೇರೆಯವರ ಮಷಿನ್ ತಂದು ನಿಂತೆ. ಹುಲ್ಲು ಸುತ್ತಿಕೊಳ್ಳುತ್ತದೆ ಅಂತ ಅದರ ಗಾರ್ಡು ಬಿಚ್ಚಿ ಇಟ್ಟಿದ್ದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಎಮ್ಮಿಗೆ ಹುಲ್ಲು ಒಯ್ಯಲು ಬುಟ್ಟಿ ಹಿಡಿದು ಬಂದು ಹಿಂದೆ ನಿಂತಿದ್ದರು. ಸಪ್ಪಳದಾಗ ನನಗೆ ಗೊತ್ತಾಗಲಿಲ್ಲ. ಒಂದು ಗರಸಿನ ಹರಳು ಸಿಡಿದು ಅವರ ಹುಬ್ಬಿಗೆ ಬಡಿಯಿತು. ರಕ್ತ ನೋಡಿ ನನ್ನ ಕೈಕಾಲು ತಣ್ಣಗಾದವು. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಹುಬ್ಬಿಗೆ ಮೂರು ಹೊಲಿಗೆ ಹಾಕಿಸಿದೆವು. ವಾರದ ಮೇಲೆ ಮಾತಾಡಿಸಲು ಹೋದಾಗ ಅವರು ಅಂದರು: "ತಮ್ಮಾ, ಕಣ್ಣು ಉಳೀತು ಬಿಡು. ಆದ್ರ ನೀ ಕೊಯ್ದ ಹುಲ್ಲು ನನ್ನ ಎಮ್ಮಿ ಮೂಸಿ ಸುದ್ದಾ ನೋಡಲಿಲ್ಲ."

ಅವರು ಇವತ್ತು ಇಲ್ಲೇ ಮುಂದೆ ಕುಂತಾರ. ಅವರ ಮಾತಿನಿಂದ ನಾನು ಎರಡು ಪಾಠ ಕಲಿತೆ. ಗಾರ್ಡು ಬಿಚ್ಚಬಾರದು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಮಷಿನ್ ಮುಟ್ಟಬಾರದು, ಸುತ್ತ 50 ಅಡಿಯೊಳಗೆ ಮನುಷ್ಯರಾಗಲಿ ದನಗಳಾಗಲಿ ಇರಬಾರದು. ಇದು ಮೊದಲನೆಯದು. ಎರಡನೆಯದು, ದಾರ ಬಡಿದ ಹುಲ್ಲು ಚೂರಾಗಿ ಮಣ್ಣಾಗುತ್ತದೆ, ಮೇವಿಗೆ ಬರುವುದಿಲ್ಲ. ಹೊಲ ಇಲ್ಲದ ಎಷ್ಟೋ ತಾಯಂದಿರು ನಮ್ಮ ಒಡ್ಡಿನ ಹುಲ್ಲಿನ ಮೇಲೆ ಒಂದು ಎಮ್ಮಿ ಕಟ್ಟಿ, ಡೈರಿಗೆ ಹಾಲು ಹಾಕಿ ಮನೆ ನಡೆಸುತ್ತಾರೆ. ನಾವು ಮಷಿನ್ ತಂದು ಅದನ್ನೆಲ್ಲ ಬಡಿದು ಚೆಲ್ಲಿದರೆ ಅವರ ಎಮ್ಮಿ ಏನು ತಿನ್ನಬೇಕು?

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಬೇಡಿಕೆ ಇಷ್ಟು. ಒಬ್ಬೊಬ್ಬರೂ ಒಂದೊಂದು ಮಷಿನ್ ತಂದು ಗೂಟಕ್ಕೆ ಹಾಕುವ ಬದಲು, ಸಂಘವೇ ಒಂದೇ ಕಂಪನಿಯ ಎರಡು ಫೋರ್ ಸ್ಟ್ರೋಕ್ ಮಷಿನ್ ತರಲಿ. ಬಿಡಿ ಸಾಮಾನು ಸಂಘದ ಕಪಾಟಿನಲ್ಲಿರಲಿ. ಊರಿನ ಇಬ್ಬರು ಹುಡುಗರಿಗೆ ಕಲಿಸಿ, ಕನ್ನಡಕ ಬೂಟಿನ ಸಮೇತ ತಾಸಿನ ಬಾಡಿಗೆ ಮೇಲೆ ಅವರೇ ನಡೆಸಲಿ. ಮೇವಿನ ಹುಲ್ಲು ಇರುವ ಒಡ್ಡಿಗೆ ಮೊದಲು ಕುಡಗೋಲಿನವರನ್ನು ಕೇಳಿ, ಅವರು ಒಯ್ದು ಉಳಿದದ್ದಕ್ಕೆ ಮಾತ್ರ ಮಷಿನ್ ಹಚ್ಚಲಿ.

ಇದು ಆಗದ ಮಾತಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ನಮ್ಮ ಹುಕ್ಕೇರಿ ತಾಲೂಕಿನವರು 1969ರಲ್ಲಿ ಸಹಕಾರ ಸಂಘ ಮಾಡಿ ಹಳ್ಳಿಗಳಿಗೆ ಕರೆಂಟು ಹಂಚಿದರು. ಕರೆಂಟಿನ ಕಂಬ ಸಹಕಾರದಾಗ ನಿಂತಾವ ಅಂದ್ರ ಎರಡು ಹುಲ್ಲಿನ ಮಷಿನ್ ನಡೆಸುವುದು ನಮಗೆ ಭಾರ ಆಗಬಾರದು.

ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.