ಔಷಧಿ ಕಿಟಕಿಯ ಒಳಗಿನಿಂದ

(ಜಾವಗಲ್ಲಿನ ಮಹಿಳೆಯರ ಕಲಿಕಾ ಕೂಟದಲ್ಲಿ ಆಡಿದ ಮಾತು)



ನೀವೆಲ್ಲ ನಮ್ಮನ್ನು ನೋಡಿದ್ದೀರಿ. ಆದರೆ ಅರ್ಧ ಮಾತ್ರ ನೋಡಿದ್ದೀರಿ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯುತ್ತಾರೆ. ಆಮೇಲೆ ನೀವು ಒಂದು ಸಣ್ಣ ಕಿಟಕಿಯ ಮುಂದೆ ಸಾಲಾಗಿ ನಿಲ್ಲುತ್ತೀರಿ. ಒಳಗಿನಿಂದ ಒಂದು ಕೈ ಬರುತ್ತದೆ. ಚೀಟಿ ತೆಗೆದುಕೊಳ್ಳುತ್ತದೆ. ಮಾತ್ರೆ ಕೊಡುತ್ತದೆ. ಆ ಕೈಯೇ ನಾವು.

ನಮ್ಮನ್ನು ಫಾರ್ಮಸಿಸ್ಟ್ ಅನ್ನುತ್ತಾರೆ. ವಯಸ್ಸಾದವರು ಈಗಲೂ ಕಾಂಪೌಂಡರ್ ಅಂತಲೇ ಕೂಗುತ್ತಾರೆ. ನಮಗೇನೂ ಬೇಜಾರಿಲ್ಲ. ಹಿಂದಿನ ಕಾಲದಲ್ಲಿ ಔಷಧವನ್ನು ಆಸ್ಪತ್ರೆಯಲ್ಲೇ ಕಲಸಿ ಕೊಡುತ್ತಿದ್ದರು. ಸೀಸೆಯನ್ನು ಮನೆಯಿಂದ ತರಬೇಕಿತ್ತು. ಸೀಸೆಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿರುತ್ತಿದ್ದರು. ಒಂದು ಹಲ್ಲಿನಷ್ಟು ಔಷಧ ಒಂದು ಹೊತ್ತಿಗೆ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಒಳ್ಳೆ ಉಪಾಯ ಅಲ್ಲವೇ?

ಈಗ ಆ ಸೀಸೆ ಇಲ್ಲ. ಔಷಧವೆಲ್ಲ ಕಾರ್ಖಾನೆಯಿಂದ ಬರುತ್ತದೆ. ಬೆಳ್ಳಿ ಬಣ್ಣದ ಹಾಳೆ. ಅದರ ಮೇಲೆ ಇರುವೆ ಸಾಲಿನ ಹಾಗೆ ಇಂಗ್ಲಿಷ್ ಅಕ್ಷರ. ಕಲಸುವ ಕೆಲಸ ಹೋಯಿತು. ಬೇರೆ ಕೆಲಸ ಬಂತು. ಆ ಕೆಲಸ ಏನು ಅಂತ ಹೇಳುವುದಕ್ಕೇ ನಾವು ಇವತ್ತು ಕಿಟಕಿ ಬಿಟ್ಟು ಹೊರಗೆ ಬಂದಿದ್ದೇವೆ.

ಡಾಕ್ಟರು ಕಾಯಿಲೆ ನೋಡುತ್ತಾರೆ. ನರ್ಸಮ್ಮ ರೋಗಿಯನ್ನು ನೋಡಿಕೊಳ್ಳುತ್ತಾರೆ. ಔಷಧವನ್ನು ನೋಡುವವರೂ ಒಬ್ಬರು ಬೇಕಲ್ಲ? ಈ ಔಷಧ ಇವರಿಗೆ ಹೊಂದುತ್ತದೆಯೇ? ಒಂದು ಔಷಧ ಇನ್ನೊಂದರ ಜೊತೆ ಜಗಳ ಆಡುತ್ತದೆಯೇ? ಅಳತೆ ಹೆಚ್ಚಾಯಿತೇ? ಮನೆಗೆ ಹೋದ ಮೇಲೆ ಇವರು ಸರಿಯಾಗಿ ನುಂಗುತ್ತಾರೆಯೇ? ಇದನ್ನೆಲ್ಲ ನೋಡುವವರಿಗೆ ಕ್ಲಿನಿಕಲ್ ಫಾರ್ಮಸಿಸ್ಟ್ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಕೊನೆಗೆ ಈ ವಿದ್ಯೆ ಕಲಿಸಲು ಶುರು ಮಾಡಿತು. 2008ರಿಂದ ದೇಶದಲ್ಲಿ ಇದಕ್ಕೆ ಆರು ವರ್ಷದ ಓದು ಬಂದಿದೆ. ಹೆಸರು ಫಾರ್ಮ್.ಡಿ. ಇದನ್ನು ಓದಿದವರು ವಾರ್ಡಿನಲ್ಲಿ ಡಾಕ್ಟರ ಜೊತೆ ಸುತ್ತುತ್ತಾರೆ. ಹಾಸಿಗೆ ಪಕ್ಕದ ಔಷಧ ಪಟ್ಟಿ ನೋಡುತ್ತಾರೆ. ತಪ್ಪು ಕಂಡರೆ ಹೇಳುತ್ತಾರೆ.

ಅದು ದೊಡ್ಡ ಆಸ್ಪತ್ರೆಯ ಮಾತು. ಹೋಬಳಿ ಊರಿನ ಆಸ್ಪತ್ರೆಯಲ್ಲಿ ಅದಕ್ಕೆಂದೇ ಬೇರೆ ಜನ ಇರುವುದು ಅಪರೂಪ. ಕಿಟಕಿಯಲ್ಲಿ ಇರುವವರೇ ಮಾತ್ರೆ ಎಣಿಸಬೇಕು. ಲೆಕ್ಕದ ಪುಸ್ತಕ ಬರೆಯಬೇಕು. ಮುಗಿದ ಔಷಧ ತರಿಸಬೇಕು. ಸಂತೆ ದಿನ ಬಂದರೆ ಕಿಟಕಿಯ ಮುಂದೆ ಉಸಿರಾಡಲು ಜಾಗ ಇರುವುದಿಲ್ಲ. ಒಬ್ಬರಿಗೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಆದರೆ ಕಾನೂನು ಏನು ಹೇಳುತ್ತದೆ ಗೊತ್ತೇ? 2015ರ ನಿಯಮದ ಪ್ರಕಾರ, ಔಷಧವನ್ನು ಹೇಗೆ ತೆಗೆದುಕೊಳ್ಳಬೇಕು ಅಂತ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟರ ಕೆಲಸ. ಹಾಗಾಗಿ ನೀವು ಕೇಳಿದರೆ ಅದು ಹೆಚ್ಚಿನ ಮಾತಲ್ಲ. ಹಿಂದಿನವರು ತಳ್ಳಲಿ, ಬಯ್ಯಲಿ. ಕೇಳಿಯೇ ಹೋಗಿ.

ಈಗ ಚೀಟಿ ಓದೋಣ. ನೀವು ಅಂಕಿ ಕಲಿತಿದ್ದೀರಿ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ ಹೀಗೆ ಬರೆದಿರುತ್ತದೆ: 1-0-1. ಇದನ್ನು ನೂರಾ ಒಂದು ಅಂತ ಓದಬೇಡಿ! ಮೊದಲ ಅಂಕಿ ಬೆಳಗ್ಗೆಯದು. ನಡುವಿನದು ಮಧ್ಯಾಹ್ನದ್ದು. ಕೊನೆಯದು ರಾತ್ರಿಯದು. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಅಂದರೆ? ಹೌದು, ರಾತ್ರಿ ಮಾತ್ರ. 1-1-1 ಅಂದರೆ ಮೂರು ಹೊತ್ತು. ಪಕ್ಕದಲ್ಲಿ 5 ದಿನ ಅಂತಲೋ 30 ದಿನ ಅಂತಲೋ ಇರುತ್ತದೆ. ಊಟಕ್ಕೆ ಮೊದಲೋ ಊಟ ಆದ ಮೇಲೋ ಅಂತ ನಮ್ಮನ್ನು ಕೇಳಿ. ಮಾತ್ರೆ ಹಾಕಿದ ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಒಂದು ಮಾತ್ರ ಎಚ್ಚರ. ಎಲ್ಲ ಮಾತ್ರೆಯೂ ದಿನಾ ನುಂಗುವುದಲ್ಲ. ಕೀಲುವಾತದವರಿಗೆ ಮೆಥೊಟ್ರೆಕ್ಸೇಟ್ ಅಂತ ಒಂದು ಮಾತ್ರೆ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ. ಬೇಗ ವಾಸಿಯಾಗಲಿ ಅಂತ ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ. ರಕ್ತ ಕೆಡುತ್ತದೆ. ಜೀವಕ್ಕೇ ಅಪಾಯ. ಯಾವ ವಾರ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಈಗ ಒಬ್ಬ ತಾಯಿಯ ವಿಷಯ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ಅವರಿಗೆ ಸಕ್ಕರೆ ಕಾಯಿಲೆ. ಹೊಲದಲ್ಲಿ ಕೆಲಸ ಮಾಡುವಾಗ ಹನ್ನೊಂದು ಗಂಟೆ ಹೊತ್ತಿಗೆ ಮೈಯೆಲ್ಲ ಬೆವರು. ಕೈಕಾಲು ನಡುಕ. ಕಣ್ಣು ಕತ್ತಲೆ. ಮಾತು ತೊದಲುವುದು. ಮನೆಯವರು ಗಾಳಿ ಸೋಕಿದೆ ಅಂದುಕೊಂಡರು. ಅಂತ್ರ ಕಟ್ಟಿಸಿದರು. ಎರಡು ಸಲ ಬಿದ್ದೇ ಬಿಟ್ಟರು. ಮೂರನೇ ಸಲಕ್ಕೆ ಆಸ್ಪತ್ರೆಗೆ ಬಂದರು.

ನಮ್ಮಲ್ಲೊಬ್ಬರು ಕೇಳಿದರು: "ಏನವ್ವಾ, ಯಾವ ಯಾವ ಮಾತ್ರೆ ತಗೋತಿದ್ದೀರಿ?"

"ಇಲ್ಲಿ ಕೊಟ್ಟಿದ್ದೂ ತಗೋತೀನಿ ಕಣಪ್ಪ. ಪೇಟೇಲಿ ಇನ್ನೊಬ್ಬ ಡಾಕ್ಟ್ರು ಬರಕೊಟ್ಟಿದ್ದೂ ತಗೋತೀನಿ. ಒಂದಕ್ಕಿಂತ ಎರಡು ಒಳ್ಳೇದಲ್ವಾ?"

"ಎರಡೂ ಚೀಟಿ ಡಾಕ್ಟ್ರಿಗೆ ತೋರಿಸಿದ್ರಾ?"

"ಅಯ್ಯೋ, ತೋರಿಸಿದ್ರೆ ಬಯ್ತಾರೆ ಅಂತ ಸುಮ್ಕಿದ್ದೆ."

ಚೀಲದಿಂದ ಮಾತ್ರೆ ತೆಗೆಸಿದೆವು. ಒಂದು ಹಸಿರು, ಒಂದು ಗುಲಾಬಿ. ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ. ಅದು ಕಂಪನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿ ಒಳಗಿನ ಔಷಧದ ಹೆಸರು ಇತ್ತು. ಎರಡರಲ್ಲೂ ಒಂದೇ, ಗ್ಲಿಮಿಪಿರೈಡ್. ಅಂದರೆ ಒಂದೇ ಔಷಧವನ್ನು ಎರಡೆರಡು ಸಲ ನುಂಗುತ್ತಿದ್ದರು. ಅದರಿಂದ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಡಾಕ್ಟರಿಗೆ ಹೇಳಿದೆವು. ಅವರು ಒಂದನ್ನು ನಿಲ್ಲಿಸಿದರು. ಗಾಳಿ ಬಿಟ್ಟು ಹೋಯಿತು.

ಆ ತಾಯಿಗೆ ಇಂಗ್ಲಿಷ್ ಬರುವುದಿಲ್ಲ. ನಿಮಗೂ ಬಾರದೇ ಇರಬಹುದು. ಪರವಾಗಿಲ್ಲ. ಅಕ್ಷರ ಓದಲು ಬಾರದಿದ್ದರೂ ಅಕ್ಷರದ ಆಕಾರ ಹೋಲಿಸಬಹುದು. ಸೀರೆಯ ಅಂಚಿಗೆ ರವಿಕೆ ಬಟ್ಟೆ ಹೊಂದಿಸುವುದಿಲ್ಲವೇ? ಹಾಗೇ ಎರಡು ಪಟ್ಟಿ ಅಕ್ಕಪಕ್ಕ ಇಡಿ. ಸಣ್ಣ ಅಕ್ಷರದ ಹೆಸರು ನೋಡಿ. ಗೆರೆಗೆ ಗೆರೆ ಕೂಡಿದರೆ, ಎರಡನ್ನೂ ನುಂಗುವ ಮೊದಲು ನಮ್ಮ ಹತ್ತಿರ ಬನ್ನಿ.

ಸಕ್ಕರೆ ಮಾತ್ರೆಯ ಮಾತು ಇನ್ನೊಂದಿದೆ. ನಮ್ಮ ಹೆಂಗಸರು ಶನಿವಾರ ಒಪ್ಪತ್ತು ಮಾಡುತ್ತಾರೆ. ರಂಜಾನಿನಲ್ಲಿ ರೋಜಾ ಇರುತ್ತಾರೆ. ಊಟ ಬಿಡುತ್ತಾರೆ, ಮಾತ್ರೆ ಬಿಡುವುದಿಲ್ಲ. ಹೊಟ್ಟೆ ಖಾಲಿ, ಮಾತ್ರೆ ಒಳಗೆ. ಆಗಲೂ ಹೀಗೇ ತಲೆ ತಿರುಗಿ ಬೀಳುತ್ತಾರೆ. ವ್ರತ ಬಿಡಿ ಅಂತ ನಾವು ಹೇಳುವುದಿಲ್ಲ. ಮೊದಲೇ ಡಾಕ್ಟರನ್ನು ಕೇಳಿ, ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ. ಬೆವರು, ನಡುಕ ಬಂದರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಬೆಲ್ಲವಾದರೂ ಸರಿ. ಆಮೇಲೆ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಇದ್ದೀರಾ? ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಹೆದರಬೇಡಿ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಸಣ್ಣ ಮಡಕೆಯಲ್ಲಿಡಿ. ಅದನ್ನು ನೀರಿರುವ ದೊಡ್ಡ ಮಡಕೆಯೊಳಗೆ ಇಟ್ಟು ತಂಪು ಜಾಗದಲ್ಲಿಡಿ. ಒಲೆ ಪಕ್ಕದ ಗೂಡು ಬೇಡ. ಫ್ರಿಜ್ ಇದ್ದವರು ಮಂಜುಗಡ್ಡೆ ಕಟ್ಟುವ ಕಡೆ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇನ್ನು ಕಬ್ಬಿಣದ ಮಾತ್ರೆ. ಇದರ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆ, 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ನೀವು ತೆಗೆದುಕೊಂಡು ಹೋಗುತ್ತೀರಿ. ಆದರೆ ಕೆಲವರು ಅದನ್ನು ತೆಂಗಿನ ಮರದ ಬುಡಕ್ಕೆ ಹಾಕುತ್ತಾರೆ. ನಮಗೆ ಗೊತ್ತು. ತೆಂಗಿನ ಮರಕ್ಕೆ ರಕ್ತ ಕಡಿಮೆ ಇಲ್ಲ, ಕಡಿಮೆ ಇರುವುದು ನಿಮಗೆ.

ಯಾಕೆ ಬಿಡುತ್ತೀರಿ? ಮಲ ಕಪ್ಪಗಾಗುತ್ತದೆ ಅಂತ ಹೆದರುತ್ತೀರಿ. ಅದು ಕಬ್ಬಿಣದ ಬಣ್ಣ, ಕಾಯಿಲೆ ಅಲ್ಲ. ಹೊಟ್ಟೆ ತೊಳಸುತ್ತದೆ ಅನ್ನುತ್ತೀರಿ. ಹಾಗಾದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗಿ. ಮಗು ಕಪ್ಪಗಾಗುತ್ತದೆ ಅಂತ ಅತ್ತೆ ಹೇಳಿದರೆ, ಅತ್ತೆಯನ್ನೂ ಒಮ್ಮೆ ಕಿಟಕಿಗೆ ಕರೆದುಕೊಂಡು ಬನ್ನಿ. ನಾವೇ ಮಾತಾಡುತ್ತೇವೆ. ಮಾತ್ರೆ ನುಂಗಿ ಟೀ ಕುಡಿಯಬೇಡಿ. ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಒಂದೆರಡು ಗಂಟೆ ತಡೆಯಿರಿ. ನಿಂಬೆರಸದ ನೀರು ಕುಡಿದರೆ ಒಳ್ಳೆಯದು. ಸುಣ್ಣದ ಮಾತ್ರೆ, ಅದೇ ಕ್ಯಾಲ್ಸಿಯಂ, ಅದನ್ನೂ ಕಬ್ಬಿಣವನ್ನೂ ಒಟ್ಟಿಗೆ ನುಂಗಬೇಡಿ. ಇವೆರಡಕ್ಕೂ ಆಗುವುದಿಲ್ಲ. ನಡುವೆ ಎರಡು ಗಂಟೆ ಬಿಡಿ.

ಔಷಧ ಔಷಧಕ್ಕೆ ಆಗದಿರುವುದು ಎಂಥ ಪಾಡಿಗೆ ತರುತ್ತದೆ ನೋಡಿ. ಕ್ಷಯಕ್ಕೆ, ಅಂದರೆ ಟಿ.ಬಿ.ಗೆ, ರಿಫಾಂಪಿಸಿನ್ ಅನ್ನುವ ಔಷಧ ಕೊಡುತ್ತಾರೆ. ಒಳ್ಳೆ ಔಷಧ. ಮೂತ್ರ ಕೆಂಪಗೆ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅದು ಮಾಲಾ-ಎನ್ ಗುಳಿಗೆಯ ಬಲ ಕಡಿಮೆ ಮಾಡುತ್ತದೆ. ಹೆಂಗಸು ದಿನವೂ ಗುಳಿಗೆ ತಪ್ಪದೆ ನುಂಗುತ್ತಾಳೆ. ಆದರೂ ಬಸುರಾಗುತ್ತಾಳೆ. ಆಮೇಲೆ ಮನೆಯಲ್ಲಿ ಮಾತು ಕೇಳುವವಳು ಅವಳೇ. ಟಿ.ಬಿ. ಡಾಕ್ಟರಿಗೆ ಮಾಲಾ-ಎನ್ ವಿಷಯ ಗೊತ್ತಿರುವುದಿಲ್ಲ. ಗುಳಿಗೆ ಕೊಟ್ಟ ಆಶಾ ಅಕ್ಕನಿಗೆ ಟಿ.ಬಿ. ವಿಷಯ ಗೊತ್ತಿರುವುದಿಲ್ಲ. ನಾಚಿಕೊಂಡು ಇವಳು ಎರಡೂ ಕಡೆ ಹೇಳುವುದಿಲ್ಲ. ದಯವಿಟ್ಟು ಹೇಳಿ. ಟಿ.ಬಿ. ಔಷಧ ಮುಗಿದು ಒಂದು ತಿಂಗಳು ಆಗುವವರೆಗೆ ವಂಕಿಯನ್ನೋ ನಿರೋಧನ್ನೋ ಬಳಸಬಹುದು. ಟಿ.ಬಿ. ಔಷಧ ಮಾತ್ರ ನಡುವೆ ಬಿಡಬಾರದು.

ಮಂಡಿ ನೋವಿಗೆ ಕಾಗದದ ಪೊಟ್ಟಣದಲ್ಲಿ ನಾಲ್ಕು ಬಣ್ಣದ ಬಿಡಿ ಮಾತ್ರೆ ಕಟ್ಟಿಸಿಕೊಂಡು ಬರುತ್ತೀರಿ. ಒಂದೇ ದಿನದಲ್ಲಿ ನೋವು ಮಾಯ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ? ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ. ಸಕ್ಕರೆ ಏರುತ್ತದೆ. ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ನುಂಗಿದವರು ತಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಡಾಕ್ಟರು ನಿಧಾನವಾಗಿ ಇಳಿಸಬೇಕು. ಹೆಸರಿಲ್ಲದ ಬಿಡಿ ಮಾತ್ರೆ ಬೇಡವೇ ಬೇಡ.

"ಸರ್ಕಾರಿ ಮಾತ್ರೆ ಸಪ್ಪೆ, ಅಂಗಡಿ ಮಾತ್ರೆ ಖಡಕ್ಕು" ಅನ್ನುವವರು ಇದ್ದಾರೆ. ಒಳಗಿನ ಔಷಧ ಒಂದೇ. ಬೆಲೆ ಬೇರೆ, ಹೊದಿಕೆ ಬೇರೆ. ಹಾಗಂತ ಎಲ್ಲವೂ ಚೊಕ್ಕ ಅಂತ ನಾವು ಆಣೆ ಇಡುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆ ಆದ ಬಾಣಂತಿಯರು ಸತ್ತರು. ಅವರ ನರಕ್ಕೆ ಹಾಕಿದ್ದ ಬಾಟಲಿ ದ್ರವದ ಮೇಲೆ ಅನುಮಾನ ಬಂತು. ಸರ್ಕಾರ ಆ ಕಂಪನಿಯ ದ್ರವದ ಬಳಕೆ ನಿಲ್ಲಿಸಿತು. ಆ ಸುದ್ದಿ ಓದಿದ ರಾತ್ರಿ ನಮಗೆ ಯಾರಿಗೂ ನಿದ್ದೆ ಹತ್ತಲಿಲ್ಲ.

ಅದಕ್ಕೇ ಪಟ್ಟಿಯ ಮೇಲಿನ ಬ್ಯಾಚ್ ನಂಬರು ಮುಖ್ಯ. ಒಂದು ಸಲಕ್ಕೆ ತಯಾರಾದ ಔಷಧಕ್ಕೆಲ್ಲ ಒಂದೇ ನಂಬರು. ಒಬ್ಬರಿಗೆ ತೊಂದರೆ ಆದರೆ, ಆ ನಂಬರಿನದು ಎಲ್ಲೆಲ್ಲಿದೆ ಅಂತ ಹುಡುಕಿ ನಿಲ್ಲಿಸಬಹುದು. ಅದರ ಹತ್ತಿರವೇ ಇಂಗ್ಲಿಷಿನ ಮೂರು ಅಕ್ಷರ ಇರುತ್ತವೆ: ಇ, ಎಕ್ಸ್, ಪಿ. ಅದರ ಮುಂದೆ ತಿಂಗಳು, ವರ್ಷ. ಆ ತಿಂಗಳು ದಾಟಿದರೆ ನುಂಗಬಾರದು. ಮಾತ್ರೆಯನ್ನು ಈ ತುದಿಯಿಂದ ಬಿಡಿಸಬೇಡಿ. ಇನ್ನೊಂದು ತುದಿಯಿಂದ ಬಿಡಿಸಿಕೊಂಡು ಬನ್ನಿ. ಪಟ್ಟಿ ಮುಗಿಯುವವರೆಗೆ ತಾರೀಕು, ನಂಬರು ಉಳಿದಿರುತ್ತವೆ.

ಔಷಧ ನುಂಗಿ ಮೈಯೆಲ್ಲ ದದ್ದು ಎದ್ದರೆ, ತುಟಿ ಕಣ್ಣು ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಪಟ್ಟಿಯನ್ನೂ ತನ್ನಿ. ಇಂಥ ತೊಂದರೆ ಬರೆದಿಡಲು 2010ರಿಂದ ದೇಶದಲ್ಲಿ ಒಂದು ವ್ಯವಸ್ಥೆ ಇದೆ. ನಾವೂ ಬರೆದು ಕಳಿಸುತ್ತೇವೆ, ನೀವೂ ಹೇಳಬಹುದು. ಫೋನ್ ನಂಬರು 1800-180-3024. ದುಡ್ಡು ಬೀಳುವುದಿಲ್ಲ. ಅಂಕಿಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಇನ್ನೊಮ್ಮೆ ಓದಿ. ಈಗ ನಿಮ್ಮ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಿ.

ಮನೆಯಲ್ಲಿರುವ ಮಾತ್ರೆ, ಸೀಸೆ, ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿಡಿ. ನಾಟಿ ಔಷಧ ಇದ್ದರೆ ಅದೂ ಇರಲಿ. ಯಾವ ಆಸ್ಪತ್ರೆಗೆ ಹೋದರೂ ಆ ಚೀಲ ಜೊತೆಗೆ ಇರಲಿ. ಡಾಕ್ಟರು ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ. ಇವತ್ತು ಕೆಲವರು ತಂದಿದ್ದೀರಿ, ಕಾಣುತ್ತಿದೆ. ಚೀಲ ತಂದವರು ಮುಂದೆ ಬನ್ನಿ. ಇಲ್ಲಿ ಕಿಟಕಿಯೂ ಇಲ್ಲ, ಸಾಲೂ ಇಲ್ಲ. ಚಾಪೆಯ ಮೇಲೆ ಹರಡಿಕೊಂಡು ಒಬ್ಬೊಬ್ಬರದೇ ನೋಡೋಣ.