ಮೊಮ್ಮಕ್ಕಳ ಮುಂದೆ ಯಾವ ಹಾಡಿನ ಕಥೆ ಹೇಳುತ್ತೀರಿ?

(ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಾರ-ತುರಾಯಿ, ಸ್ವಾಗತ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿದಿದೆ. ನಾನು ನೇರವಾಗಿ ಒಂದು ಪ್ರಶ್ನೆಗೆ ಬರುತ್ತೇನೆ. ಇನ್ನು ನಲವತ್ತು ವರ್ಷಕ್ಕೆ ನಿಮಗೂ ತಲೆ ನರೆಯುತ್ತದೆ, ಮನೆಯಲ್ಲಿ ಮೊಮ್ಮಕ್ಕಳಿರುತ್ತಾರೆ. "ತಾತಾ, ನೀನು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ದೊಡ್ಡ ಸಂಗೀತ ಕಾರ್ಯಕ್ರಮ ಯಾವುದು?" ಎಂದು ಅವರು ಕೇಳಿದರೆ ಏನು ಹೇಳುತ್ತೀರಿ?

ಗೊತ್ತು, ನಿಮ್ಮಲ್ಲಿ ಹಲವರ ಉತ್ತರ ಸಿದ್ಧವಾಗಿದೆ. ಇದೇ ಊರಿನ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತ್ತು. 2007ರಲ್ಲಿ ಐರನ್ ಮೇಡನ್ ಬಂತು. 2011ರಲ್ಲಿ ಮೆಟಾಲಿಕಾ ಬಂತು. ಹೋದವರು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಹೇಳಲಿ! ನನ್ನದೇನೂ ತಕರಾರಿಲ್ಲ. ಸಂಗೀತಕ್ಕೆ ಗಡಿ ಕಟ್ಟಲು ನಾನಿಲ್ಲಿ ಬಂದಿಲ್ಲ. ಆದರೆ ಅದೇ ಮೈದಾನದಲ್ಲಿ, ಅದೇ ಮಣ್ಣಿನ ಮೇಲೆ ನಡೆದ ಇನ್ನೊಂದು ರಾತ್ರಿಯ ಕಥೆ ನಿಮಗೆ ಗೊತ್ತೇ?

ಅದು 2005ರ ಏಪ್ರಿಲ್ 23, ಶನಿವಾರ. ಕಾರ್ಯಕ್ರಮದ ಹೆಸರು 'ಕನ್ನಡವೇ ಸತ್ಯ'. ವೇದಿಕೆಯ ಮೇಲೆ ಸಿ. ಅಶ್ವಥ್ ಮತ್ತು ಅವರ ಗಾಯಕ ಬಳಗ. ಸೇರಿದ್ದ ಜನ ಲಕ್ಷ! ಯಾವ ಸಿನಿಮಾ ನಾಯಕನ ಕಟೌಟಿಗೆ ಹಾಲೆರೆಯಲು ಬಂದ ಜನ ಅಲ್ಲ ಇವರು. ಬಿರಿಯಾನಿ ಪೊಟ್ಟಣ ಕೊಟ್ಟು ಲಾರಿಯಲ್ಲಿ ತುಂಬಿಸಿ ತಂದ ಜನವೂ ಅಲ್ಲ. ಕವಿತೆ ಕೇಳಲು ಬಂದವರು ಸ್ವಾಮಿ, ಕನ್ನಡದ ಕವಿತೆ!

ನಾನು ಅಂದು ತೀರಾ ಹಿಂದೆ ನಿಂತಿದ್ದೆ. ಅಲ್ಲಿಂದ ಅಶ್ವಥ್ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಆದರೆ ಆ ಕಂಠ! ಅರವತ್ತೈದು ದಾಟಿದ ಮನುಷ್ಯ ತಾರಕಕ್ಕೆ ಏರಿದರೆ ಬೆನ್ನುಹುರಿಯಲ್ಲಿ ಮಿಂಚು ಹರಿದಂತಾಗುತ್ತಿತ್ತು. ನನ್ನ ಪಕ್ಕದಲ್ಲಿ ಆಟೋ ಚಾಲಕರೊಬ್ಬರು ಖಾಕಿ ಅಂಗಿಯಲ್ಲೇ ನಿಂತು, ಕಣ್ಣು ಮುಚ್ಚಿ, ಪದ ಪದವನ್ನೂ ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದರು. ಅವರು ಎಷ್ಟು ಓದಿದ್ದರೋ ನಾನು ಕೇಳಲಿಲ್ಲ. ಪಂಡಿತರ ಪುಸ್ತಕದ ಕಪಾಟಿನಲ್ಲಿದ್ದ ಕವಿತೆ ಅವರ ನಾಲಗೆಯ ಮೇಲಿತ್ತು. ಅದನ್ನು ಅಲ್ಲಿಗೆ ಮುಟ್ಟಿಸಿದ್ದು ಹಾಡು.

ಈ ಅಶ್ವಥ್ ಯಾರು? ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ನಿಮ್ಮ ನಮ್ಮ ಅಪ್ಪಂದಿರ ಹಾಗೆ ನೌಕರಿಗೆ ಹೋಗುತ್ತಿದ್ದವರು. ಇದೇ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ಶಿಶುನಾಳ ಷರೀಫರನ್ನು, ಬೇಂದ್ರೆಯವರನ್ನು, ಕೆ.ಎಸ್. ನರಸಿಂಹಸ್ವಾಮಿಯವರನ್ನು ಮನೆ ಮನೆಗೆ ಮುಟ್ಟಿಸಿದರು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಆ ಕಂಠವನ್ನು ಎದುರು ನಿಂತು ಕೇಳುವ ಭಾಗ್ಯ ಇನ್ನು ಯಾರಿಗೂ ಇಲ್ಲ.

ರಾಜ್ಯಕ್ಕಿಂತ ಮೊದಲು ಹುಟ್ಟಿದ ಹಾಡು

ಹಾಡಿನಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಅವರನ್ನು 1924ಕ್ಕೆ ಕರೆದುಕೊಂಡು ಹೋಗುತ್ತೇನೆ ಬನ್ನಿ.

ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಆಗ ಕರ್ನಾಟಕ ಎಂಬ ರಾಜ್ಯ ಎಲ್ಲಿತ್ತು? ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿ ಹೋಗಿದ್ದರು. ಬೆಳಗಾವಿ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ! ಅಂಥ ಹೊತ್ತಿನಲ್ಲಿ, ಅಂಥ ವೇದಿಕೆಯಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಮೊಳಗಿತು. ಇಲ್ಲದ ನಾಡನ್ನು ಹಾಡಿನಲ್ಲಿ ಕರೆದರು ನಮ್ಮ ಹಿರಿಯರು. ಆ ನಾಡು ಒಂದಾಗಲು 1956ರ ನವೆಂಬರ್ 1 ಬರಬೇಕಾಯಿತು. ಮೂವತ್ತೆರಡು ವರ್ಷ! ಅಷ್ಟೂ ಕಾಲ ಆ ಹಾಡು ಬಾಯಿಂದ ಬಾಯಿಗೆ ನಡೆಯಿತು.

ಅದೇ ಅಧಿವೇಶನದಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗಾಂಧೀಜಿ ಎದುರು ಹಾಡಿದಳು. ಆಕೆಯೇ ಮುಂದೆ ಗಂಗೂಬಾಯಿ ಹಾನಗಲ್ ಆದರು. 2009ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. "ನಾನು ಗಾಂಧೀಜಿ ಮುಂದೆ ಹಾಡಿದ್ದೆ" ಎಂದು ಎಂಬತ್ತೈದು ವರ್ಷ ಹೇಳಿಕೊಳ್ಳಬಹುದಾದ ಭಾಗ್ಯ ನೋಡಿ. ಇಂಥದ್ದಕ್ಕೆ ಜಂಬ ಎನ್ನುತ್ತೀರಾ? ನಾನಂತೂ ಆಸ್ತಿ ಎನ್ನುತ್ತೇನೆ.

ಜಾಗ ಕೇಳಿ ಪಡೆದದ್ದು

ಆದರೆ ನಾಡು ಒಂದಾದ ಮಾತ್ರಕ್ಕೆ ವೇದಿಕೆ ನಮ್ಮದಾಗಲಿಲ್ಲ. ಬೆಂಗಳೂರಿನ ರಾಮೋತ್ಸವದ ಸಂಗೀತ ಎಂದರೆ ಊರಿಗೇ ಹಬ್ಬ. ಅಲ್ಲಿ ಹಾಡಲು ಹೊರಗಿನ ವಿದ್ವಾಂಸರಿಗೆ ಮಣೆ, ಮನೆಯ ಮಕ್ಕಳಿಗೆ ಹೊರಗಿನ ಜಗಲಿ. 1960ರ ದಶಕದ ಆರಂಭದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಬೀದಿಗಿಳಿದು, ಕನ್ನಡದ ಕಲಾವಿದರಿಗೂ ಜಾಗ ಕೊಡಿ ಎಂದು ಚಳವಳಿ ಹೂಡಿದರು. ಕನ್ನಡ ಚಳವಳಿಯ ಮೊದಲ ಹೋರಾಟಗಳಲ್ಲಿ ಒಂದು ನಡೆದದ್ದೇ ಸಂಗೀತ ಕಛೇರಿಯ ಚಪ್ಪರದ ಮುಂದೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಕಡೆ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಅವರೊಡನೆ ಊರೂರು ಸುತ್ತಿ ಭಾವಗೀತೆ, ಜನಪದ ಗೀತೆ ಹಾಡಿದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಇವರೆಲ್ಲ ಉತ್ತು ಬಿತ್ತಿದ ಹೊಲದಲ್ಲೇ 2005ರ ಆ ರಾತ್ರಿಯ ಬೆಳೆ ಬಂದದ್ದು. ಅದು ಒಂದು ರಾತ್ರಿಯಲ್ಲಿ ಆದದ್ದಲ್ಲ.

ಮಾರುಕಟ್ಟೆ ಇಲ್ಲವಂತೆ!

ಈಗ ನನ್ನದೇ ಒಂದು ನೋವು ಹೇಳುತ್ತೇನೆ. ನಾನು ಓದಿದ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕನ್ನಡ ಹಾಡಿಗೆ ಐದೇ ನಿಮಿಷ ಕೊಟ್ಟಿದ್ದರು. ಅದೂ ಊಟದ ಹೊತ್ತಿನಲ್ಲಿ. ಕೇಳಿದರೆ ಸಂಘಟಕರು, "ಕನ್ನಡಕ್ಕೆ ಜನ ಕೂರಲ್ಲ ರೀ" ಎಂದರು. ಹಾಗೆ ಹೇಳಿದವನು ಕೂಡ ಕನ್ನಡದವನೇ! ಅಂದು ನನ್ನ ಹತ್ತಿರ ಉತ್ತರ ಇರಲಿಲ್ಲ. ಅರಮನೆ ಮೈದಾನದ ಆ ರಾತ್ರಿ ಲಕ್ಷ ಜನ ನನ್ನ ಪರವಾಗಿ ಉತ್ತರ ಕೊಟ್ಟರು.

ಇನ್ನೂ ಸಾಕ್ಷಿ ಬೇಕೇ? 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಂಡ ಹಾಡಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಷರೀಫರ ತತ್ವಪದ ಹಾಡಿ ಹೆಸರು ಮಾಡಿದ ಹುಡುಗರು ಅವರು. ಷರೀಫರು ತೀರಿಕೊಂಡದ್ದು 1889ರಲ್ಲಿ. ಶಿಶುನಾಳದ ಕಟ್ಟೆಯ ಮೇಲೆ ಹುಟ್ಟಿದ ಪದಕ್ಕೆ ನೂರಾರು ವರ್ಷದ ಮೇಲೂ ಹರೆಯ. ಹಾಗಾದರೆ ಕೊರತೆ ಇರುವುದು ಹಾಡಿನಲ್ಲೋ, ನಮ್ಮಲ್ಲೋ?

ನಮ್ಮಲ್ಲೇ ಗೆಳೆಯರೇ! ಹೊರಗಿನ ಬ್ಯಾಂಡಿಗೆ ಸಾವಿರಾರು ರೂಪಾಯಿ ಕೊಟ್ಟು ಬಿಸಿಲಲ್ಲಿ ಸಾಲು ನಿಲ್ಲುವ ನಾವು, ಕನ್ನಡದ ಕಾರ್ಯಕ್ರಮ ಎಂದರೆ "ಪಾಸ್ ಇದೆಯಾ?" ಎನ್ನುತ್ತೇವೆ. ಪುಕ್ಕಟೆ ಕೇಳುವವರ ಮುಂದೆ ಕಲಾವಿದ ಎಷ್ಟು ದಿನ ಹಾಡಿಯಾನು? ಅವನ ತಬಲಾದವನಿಗೂ ಮನೆ ಬಾಡಿಗೆ ಇದೆ. ನವೆಂಬರ್ ತಿಂಗಳಲ್ಲಿ ಅವನಿಗೆ ಬಿಡುವಿಲ್ಲ, ಡಿಸೆಂಬರ್‌ನಿಂದ ಅಕ್ಟೋಬರ್‌ವರೆಗೆ ಕೆಲಸವಿಲ್ಲ. ಇದಕ್ಕೆ ಸರ್ಕಾರವನ್ನು ಮಾತ್ರ ಬೈದರೆ ಸಾಲದು.

ಆದ್ದರಿಂದ ನಿಮ್ಮಲ್ಲಿ ಮೂರು ಬೇಡಿಕೆ. ಒಂದು, ವರ್ಷಕ್ಕೆ ಎರಡಾದರೂ ಕನ್ನಡ ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ, ಜೊತೆಗೆ ಕನ್ನಡ ಬಾರದ ಗೆಳೆಯನೊಬ್ಬನನ್ನು ಕರೆದೊಯ್ಯಿರಿ. ಎರಡು, ನಿಮ್ಮ ಕಾಲೇಜಿನ ಉತ್ಸವದಲ್ಲಿ, ಬೀದಿಯ ಗಣೇಶನ ಆರ್ಕೆಸ್ಟ್ರಾದಲ್ಲಿ ಕನ್ನಡಕ್ಕೆ ಸಂಜೆಯ ಮುಖ್ಯ ಹೊತ್ತನ್ನೇ ಕೇಳಿ ಪಡೆಯಿರಿ. ಮೂರು, ಒಂದೇ ಒಂದು ಭಾವಗೀತೆಯನ್ನಾದರೂ ಪಲ್ಲವಿಯಿಂದ ಕೊನೆಯ ಚರಣದವರೆಗೆ ಕಲಿಯಿರಿ. ಆ ಆಟೋ ಚಾಲಕರಿಗೆ ಬರುತ್ತಿತ್ತು. ನಮಗೇಕೆ ಬರಬಾರದು?

ಅಲ್ಲಿಗೆ ಹೋದಾಗ ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುತ್ತಲೇ ಇರಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿ. ಮೊಮ್ಮಕ್ಕಳಿಗೆ ಕಥೆ ಹೇಳಬೇಕಾದವರು ನೀವು.

ಮುಂದಿನ ದೊಡ್ಡ ರಾತ್ರಿ ಯಾವ ಮೈದಾನದಲ್ಲಿ ಆಗುತ್ತದೋ, ಯಾವ ಹುಡುಗಿ ಹಾಡುತ್ತಾಳೋ. ಆಕೆ ಈ ಹೊತ್ತು ಯಾವುದೋ ಊರಿನ ಶಾಲೆಯಲ್ಲಿ ಪ್ರಾರ್ಥನೆ ಹೇಳುತ್ತಿರಬಹುದು. ಆಕೆ ವೇದಿಕೆ ಹತ್ತಿದ ದಿನ ಎದುರಿನ ಕುರ್ಚಿಗಳು ಖಾಲಿ ಇರಬಾರದು. ಅಷ್ಟೇ ನನ್ನ ಮಾತು.

ಸಿರಿಗನ್ನಡಂ ಗೆಲ್ಗೆ!